ಪರದೆಯ ಚಿತ್ರ ತೆಗೆದು ಸಹಾಯ ಪಡೆಯುವ ಬಗೆ



ಹೆಬ್ಬಾಳದಲ್ಲಿ ಕೃಷಿ ಸಂಶೋಧನೆಯ ಕೆಲಸ 1899ರಲ್ಲಿ ಮೊದಲಾಯಿತು. ಕೃಷಿ ವಿಶ್ವವಿದ್ಯಾನಿಲಯವು 1964ರಲ್ಲಿ ಸ್ಥಾಪನೆಯಾಯಿತು. ಬೆಳೆಗೆ ರೋಗ ಬಿದ್ದಾಗ ಎಲೆಯನ್ನೋ ತೆನೆಯನ್ನೋ ಕಾಗದದಲ್ಲಿ ಸುತ್ತಿಕೊಂಡು ಅಲ್ಲಿಗೆ ಹೋಗಿ ತೋರಿಸುವುದು ನಮ್ಮ ಕಡೆಯ ಒಕ್ಕಲು ಮಕ್ಕಳಿಗೆ ಹೊಸ ಸಂಗತಿಯಲ್ಲ. "ಬೆಳೆ ಒಣಗ್ತಾ ಐತೆ ಸ್ವಾಮಿ" ಎಂಬ ಮಾತೊಂದನ್ನೇ ಕೇಳಿ ಔಷಧ ಹೇಳುವುದು ಎಂಥ ಪಂಡಿತನಿಗೂ ಆಗದು. ಎಲೆಯನ್ನು ಕಣ್ಣಾರೆ ನೋಡಿದರೆ ಹುಳುವೋ, ಬೂಷ್ಟೋ, ನೀರಿನ ಕೊರತೆಯೋ ಎಂಬುದು ತಿಳಿಯುತ್ತದೆ.

ಈಗ ಬೆಳೆಗೆ ಬರುವ ರೋಗದಂತೆ ಅರ್ಜಿಗೂ ರೋಗ ಬರುತ್ತದೆ. ಕೈಬರಹದ ಪಹಣಿಯ ಕಾಲ ಮುಗಿದು ಭೂಮಿ ಯೋಜನೆಯ ಗಣಕೀಕೃತ ಪಹಣಿ ಬಂದು ಎರಡು ದಶಕಗಳ ಮೇಲಾಯಿತು. ಫ್ರೂಟ್ಸ್ ನೋಂದಣಿ, ಪಿ.ಎಂ. ಕಿಸಾನ್ ಹಣ, ಬೆಳೆ ವಿಮೆ, ಬೆಳೆ ಸಮೀಕ್ಷೆ ಇವೆಲ್ಲವೂ ಕಂಪ್ಯೂಟರಿನ ಇಲ್ಲವೆ ಮೊಬೈಲಿನ ಪರದೆಯ ಮೇಲೆಯೇ ನಡೆಯುತ್ತವೆ. ಬೆಂಬಲ ಬೆಲೆಗೆ ರಾಗಿ ಮಾರಬೇಕಾದರೂ ಫ್ರೂಟ್ಸ್‌ನಲ್ಲಿ ನಿಮ್ಮ ಹೆಸರು, ಜಮೀನು, ಬೆಳೆ ಸರಿಯಾಗಿ ಕಾಣಿಸಬೇಕು. ಹೊಲದಲ್ಲಿ ರಾಗಿ ನಿಂತಿದ್ದು, ಸಮೀಕ್ಷೆಯಲ್ಲಿ ಮಾತ್ರ ನೀಲಗಿರಿ ಎಂದು ದಾಖಲಾಗಿಬಿಟ್ಟರೆ, ಕಣದಲ್ಲಿ ರಾಶಿ ಇದ್ದರೂ ಖರೀದಿ ಕೇಂದ್ರದಲ್ಲಿ ತೊಡಕಾಗುತ್ತದೆ. ಇಂಥ ತಪ್ಪು ಪರದೆಯ ಮೇಲೆ ಕಂಡ ಕೂಡಲೇ ತಿದ್ದಿಸಿಕೊಳ್ಳಬೇಕು. ತಿದ್ದಿಸಲು ಹೋದವರು "ಕಂಪ್ಯೂಟರಿನಲ್ಲಿ ಏನೋ ಇಂಗ್ಲೀಷಿನಲ್ಲಿ ಬರುತ್ತೆ, ಮುಂದಕ್ಕೆ ಹೋಗಲ್ಲ" ಎಂದಷ್ಟೇ ಹೇಳಿದರೆ ರೈತ ಸಂಪರ್ಕ ಕೇಂದ್ರದ ಸಿಬ್ಬಂದಿ ಮಾಡುವುದಾದರೂ ಏನು? ಇನ್ನೊಂದು ದಿನ ಬನ್ನಿ ಎನ್ನುತ್ತಾರೆ. ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚೂ ಹೋಯಿತು.

ಇದಕ್ಕೆ ಇರುವ ಸುಲಭ ಉಪಾಯವೆಂದರೆ ಪರದೆಯ ಮೇಲೆ ಕಂಡದ್ದನ್ನು ಕಂಡಂತೆಯೇ ಚಿತ್ರವಾಗಿ ಹಿಡಿದು ತೋರಿಸುವುದು. ಇದನ್ನೇ ಸ್ಕ್ರೀನ್‌ಶಾಟ್ ಎನ್ನುತ್ತಾರೆ. ಮನೆಯ ಹುಡುಗರಿಗೆ ಇದು ಚೆನ್ನಾಗಿ ಗೊತ್ತು. ಆದರೆ ಅವರು ಪೇಟೆಯ ಕೆಲಸಕ್ಕೋ ಕಾಲೇಜಿಗೋ ಹೋದಾಗ ಕೆಲಸ ನಿಲ್ಲಬಾರದಷ್ಟೆ. ಆದುದರಿಂದ ನೀವೇ ಕಲಿತಿರುವುದು ಒಳ್ಳೆಯದು.

ಆಂಡ್ರಾಯ್ಡ್ ಮೊಬೈಲಿನಲ್ಲಿ ಪಕ್ಕದ ಪವರ್ ಗುಂಡಿಯನ್ನೂ ಶಬ್ದ ಕಡಿಮೆ ಮಾಡುವ ಗುಂಡಿಯನ್ನೂ ಒಟ್ಟಿಗೆ ಒತ್ತಿ ಒಂದು ಕ್ಷಣ ಹಿಡಿದು ಬಿಡಿ. ಪರದೆ ಒಮ್ಮೆ ಮಿನುಗಿ ಚಿತ್ರ ದಾಖಲಾಗುತ್ತದೆ. ಎರಡನ್ನೂ ಒಂದೇ ಕಾಲಕ್ಕೆ ಒತ್ತುವುದು ಮುಖ್ಯ. ಹಿಂದುಮುಂದಾದರೆ ಪರದೆ ಆರಿಹೋಗುತ್ತದೆ ಅಥವಾ ಶಬ್ದ ಇಳಿಯುತ್ತದೆ, ಬೇರೆ ನಷ್ಟವೇನೂ ಇಲ್ಲ. ಎರಡು ಮೂರು ಸಲ ಅಭ್ಯಾಸ ಮಾಡಿದರೆ ಕೈ ಕೂರುತ್ತದೆ. ಹಲವು ಕಂಪೆನಿಗಳ ಮೊಬೈಲುಗಳಲ್ಲಿ ಮೂರು ಬೆರಳನ್ನು ಪರದೆಯ ಮೇಲಿಟ್ಟು ಕೆಳಕ್ಕೆ ಎಳೆದರೂ ಚಿತ್ರ ಬರುತ್ತದೆ. ನೇಗಿಲು ಹಿಡಿದು ಬೆರಳು ಒರಟಾದವರಿಗೆ ಗುಂಡಿಯ ವಿಧಾನವೇ ವಾಸಿ. ತೆಗೆದ ಚಿತ್ರವು ಫೋಟೋಗಳಿರುವ ಕಡೆಯಲ್ಲೇ ಸ್ಕ್ರೀನ್‌ಶಾಟ್ ಎಂಬ ಹೆಸರಿನ ಕೋಶದಲ್ಲಿ ಇರುತ್ತದೆ.

ಕಂಪ್ಯೂಟರಿನ ಕೀಲಿಮಣೆಯ ಮೇಲ್ಸಾಲಿನಲ್ಲಿ ಬಲಗಡೆಗೆ ಪ್ರಿಂಟ್ ಸ್ಕ್ರೀನ್ ಎಂಬ ಕೀಲಿ ಇದೆ. 1981ರಲ್ಲಿ ಬಂದ ಐ.ಬಿ.ಎಂ. ಕಂಪ್ಯೂಟರಿನಲ್ಲಿ ಶಿಫ್ಟ್ ಕೀಲಿಯೊಡನೆ ಇದನ್ನು ಒತ್ತಿದರೆ ಪರದೆಯ ಮೇಲಿನ ಅಕ್ಷರಗಳು ನೇರವಾಗಿ ಮುದ್ರಣ ಯಂತ್ರಕ್ಕೆ ಹೋಗಿ ಕಾಗದದ ಮೇಲೆ ಅಚ್ಚಾಗುತ್ತಿದ್ದವು. ಹೆಸರು ಹಾಗೆಯೇ ಉಳಿದಿದೆ, ಕೆಲಸ ಮಾತ್ರ ಬದಲಾಗಿದೆ. ಈಗ ವಿಂಡೋಸ್ ಕಂಪ್ಯೂಟರಿನಲ್ಲಿ ಕಿಟಕಿ ಗುರುತಿನ ಕೀಲಿಯನ್ನು ಹಿಡಿದು ಪ್ರಿಂಟ್ ಸ್ಕ್ರೀನ್ ಒತ್ತಿದರೆ ಪೂರ್ಣ ಪರದೆ ಚಿತ್ರವಾಗಿ ಉಳಿಯುತ್ತದೆ. ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ಹಾಕಿಸುವಾಗ ತಡೆ ಬಂದರೆ, "ಆ ಪರದೆಯ ಚಿತ್ರ ತೆಗೆದು ನನಗೆ ಕೊಡಿ" ಎಂದು ಕೇಳಲು ಸಂಕೋಚ ಪಡಬೇಕಾಗಿಲ್ಲ. ಅರ್ಜಿ ನಿಮ್ಮದು.

ಪರದೆಯನ್ನು ಇನ್ನೊಂದು ಮೊಬೈಲಿನಿಂದ ಫೋಟೋ ಹಿಡಿಯುವುದು ಕೆಲವರ ವಾಡಿಕೆ. ಹಾಗೆ ತೆಗೆದ ಫೋಟೋದಲ್ಲಿ ಅಡ್ಡಗೆರೆಗಳು ಏಳುತ್ತವೆ, ಬಿಸಿಲಿನ ಹೊಳಪು ಬೀಳುತ್ತದೆ, ಅಕ್ಷರ ಮಸುಕಾಗುತ್ತದೆ. ಆದರೂ ಕೆಲವು ವೇಳೆ ಅದೇ ಸರಿಯಾದ ಮಾರ್ಗ. ಕಂಪ್ಯೂಟರು ನೀಲಿ ಪರದೆ ತೋರಿಸಿ ಗರ ಬಡಿದಂತೆ ನಿಂತುಬಿಟ್ಟರೆ ಯಾವ ಕೀಲಿಯೂ ಕೆಲಸ ಮಾಡದು. ಕೊಳವೆ ಬಾವಿಯ ಮೋಟಾರಿಗೆ ಅಂಕಿ ತೋರಿಸುವ ಸ್ಟಾರ್ಟರ್ ಪೆಟ್ಟಿಗೆ ಇದ್ದು, ಅದು ಏನೋ ಸಂಕೇತ ತೋರಿಸಿ ನಿಂತರೆ, ಅದರಲ್ಲಿ ಚಿತ್ರ ತೆಗೆಯುವ ಗುಂಡಿ ಇರುವುದಿಲ್ಲ. ಅಂಥಲ್ಲಿ ಮೊಬೈಲನ್ನು ನೇರವಾಗಿ ಎದುರಿಗೆ ಹಿಡಿದು, ಫ್ಲಾಶ್ ಬೆಳಕು ಆರಿಸಿ ಫೋಟೋ ತೆಗೆಯಿರಿ. ಪೆಟ್ಟಿಗೆಯ ಮೇಲಿನ ಕಂಪೆನಿ ಹೆಸರು ಮತ್ತು ಮಾದರಿ ಸಂಖ್ಯೆಯ ಚೀಟಿಯನ್ನೂ ಇನ್ನೊಂದು ಫೋಟೋದಲ್ಲಿ ಹಿಡಿಯಿರಿ. ರಿಪೇರಿಯವನು ಯಲಹಂಕದಿಂದ ಹೊರಡುವ ಮೊದಲೇ ಯಾವ ಸಾಮಾನು ತರಬೇಕೆಂದು ತಿಳಿದುಕೊಂಡರೆ ಎರಡನೆಯ ಸಲ ಬರುವ ಬಾಡಿಗೆ ಉಳಿಯುತ್ತದೆ.

ಚಿತ್ರದಲ್ಲಿ ಏನಿರಬೇಕು ಎಂಬುದು ಚಿತ್ರ ತೆಗೆಯುವುದಕ್ಕಿಂತ ದೊಡ್ಡ ವಿಷಯ. ಕೆಂಪಕ್ಷರದ ಸೂಚನೆಯನ್ನಷ್ಟೇ ಕತ್ತರಿಸಿ ಕಳುಹಿಸಬೇಡಿ. ಪೂರ್ಣ ಪುಟ ಇರಲಿ. ಮೇಲ್ಭಾಗದಲ್ಲಿ ಗಡಿಯಾರ ಇರುತ್ತದೆ. ಯಾವ ವೇಳೆಯಲ್ಲಿ ಹೀಗಾಯಿತೆಂಬುದು ಅದರಿಂದ ತಿಳಿಯುತ್ತದೆ. ಅಲ್ಲಿಯೇ ಪುಟದ ವಿಳಾಸವೂ ಇರುತ್ತದೆ. ಪಿ.ಎಂ. ಕಿಸಾನಿನ ವಿಳಾಸ ಗವ್ ಡಾಟ್ ಇನ್ ಎಂದು ಮುಗಿಯಬೇಕು; ಭೂಮಿ, ಫ್ರೂಟ್ಸ್ ಮೊದಲಾದ ನಮ್ಮ ರಾಜ್ಯದ ಪುಟಗಳು ಕರ್ನಾಟಕ ಡಾಟ್ ಗವ್ ಡಾಟ್ ಇನ್ ಎಂದು ಮುಗಿಯುತ್ತವೆ. ವಿಳಾಸದ ಮೊದಲಲ್ಲಿ ಕಿಸಾನ್ ಎಂದೋ ಸರ್ಕಾರ್ ಎಂದೋ ಇದ್ದು, ಕೊನೆಯಲ್ಲಿ ಬೇರೇನೋ ಇದ್ದರೆ ಅದು ಸುಳ್ಳು ಪುಟವಾಗಿರಬಹುದು. ಚಿತ್ರ ನೋಡಿದ ತಿಳಿದವರು ಇದನ್ನು ಮೊದಲು ಗುರುತಿಸುತ್ತಾರೆ. ವಿಳಾಸವನ್ನೇ ಕತ್ತರಿಸಿ ಕಳುಹಿಸಿದರೆ ಅವರಿಗೂ ತಿಳಿಯದು.

ಸೂಚನೆಯ ಜೊತೆಯಲ್ಲಿ ಒಮ್ಮೊಮ್ಮೆ ಮೂರಂಕಿಯ ಸಂಖ್ಯೆ ಬರುತ್ತದೆ. 5ರಿಂದ ಆರಂಭವಾಗುವ ಸಂಖ್ಯೆ, 500 ಅಥವಾ 503 ಎಂಬಂತೆ, ಬಂದರೆ ತಪ್ಪು ಅವರ ಯಂತ್ರದ ಕಡೆಯದು. ನಾಡಕಚೇರಿಯಲ್ಲಿ ಗುಮಾಸ್ತರು ಇಲ್ಲದ ವೇಳೆಗೆ ಹೋದಂತೆ. ನಿಮ್ಮ ಕಾಗದಗಳಲ್ಲಿ ಏನೂ ದೋಷವಿಲ್ಲ. ಸ್ವಲ್ಪ ತಡೆದು, ಮುಂಜಾನೆ ಬೇಗನೆಯೋ ರಾತ್ರಿಯೋ ಪುನಃ ಪ್ರಯತ್ನಿಸಿ. 4ರಿಂದ ಆರಂಭವಾಗುವ ಸಂಖ್ಯೆ ಸಾಮಾನ್ಯವಾಗಿ ಕೇಳಿದವರ ಕಡೆಯ ತೊಡಕನ್ನು ಹೇಳುತ್ತದೆ. 404 ಎಂದರೆ ಆ ಪುಟವೇ ಆ ವಿಳಾಸದಲ್ಲಿ ಇಲ್ಲ. ಬೇರೆ ಬಾಗಿಲು ತಟ್ಟಿದಂತೆ. ಇಷ್ಟು ತಿಳಿದಿದ್ದರೆ ಸರ್ವರ್ ನಿಂತಿರುವ ದಿನ ಸುಮ್ಮನೆ ಆಟೋ ಹತ್ತಿ ತಾಲ್ಲೂಕು ಕಚೇರಿಗೆ ಹೋಗುವುದು ತಪ್ಪುತ್ತದೆ.

ಪಿ.ಎಂ. ಕಿಸಾನ್ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಹೆಚ್ಚು ಜನ ಅಲೆಯುವುದು ಇದಕ್ಕಾಗಿಯೇ. 2019ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತುಗಳಲ್ಲಿ, ರೈತರ ಖಾತೆಗೆ ಬರುತ್ತದೆ. ಕಂತು ನಿಂತಾಗ ಕೆಲವರು ಬ್ಯಾಂಕಿಗೆ ಹೋಗುತ್ತಾರೆ. ಬ್ಯಾಂಕಿನವರು ಕೃಷಿ ಇಲಾಖೆಗೆ ಹೋಗಿ ಎನ್ನುತ್ತಾರೆ, ಅಲ್ಲಿಂದ ಮತ್ತೆ ಬ್ಯಾಂಕಿಗೆ. ಹೀಗೆ ಅಲೆಯುವ ಮುನ್ನ ನಿಮ್ಮ ನೋಂದಣಿಯ ಸ್ಥಿತಿಯನ್ನು ತೋರಿಸುವ ಪುಟವನ್ನು ತೆರೆಸಿ ಅದರ ಚಿತ್ರ ತೆಗೆದುಕೊಳ್ಳಿ. ಆ ಪುಟದಲ್ಲಿ ಮೂರು ಸಾಲುಗಳನ್ನು ನೋಡಬೇಕು. ಜಮೀನಿನ ಜೋಡಣೆ, ಅಂದರೆ ಲ್ಯಾಂಡ್ ಸೀಡಿಂಗ್, ಎಂಬುದರ ಮುಂದೆ ಇಲ್ಲ ಎಂದಿದ್ದರೆ ಕೆಲಸವಿರುವುದು ರೈತ ಸಂಪರ್ಕ ಕೇಂದ್ರದಲ್ಲಿ. ಪಹಣಿಯನ್ನು ತೆಗೆದುಕೊಂಡು ಅಲ್ಲಿಗೆ ಹೋಗಿ. ಇ-ಕೆವೈಸಿ ಆಗಿಲ್ಲವೆಂದಿದ್ದರೆ ಆಧಾರ್ ಆಧಾರದ ಗುರುತಿನ ಪರಿಶೀಲನೆ ಬಾಕಿ ಇದೆ. ಅದನ್ನು ಮನೆಯಲ್ಲಿಯೇ ಮೊಬೈಲಿನಲ್ಲಿ ಅಥವಾ ಸಾಮಾನ್ಯ ಸೇವಾ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಮುಗಿಸಬಹುದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಇಲ್ಲವೆಂದಿದ್ದರೆ ಮಾತ್ರ ಬ್ಯಾಂಕಿಗೆ ಹೋಗಬೇಕು. ಒಂದೇ ಚಿತ್ರದಿಂದ ಮೂರು ಕಚೇರಿಗಳಲ್ಲಿ ನಿಮ್ಮದು ಯಾವುದೆಂಬುದು ತೀರ್ಮಾನವಾಗುತ್ತದೆ.

ಹೆಸರಿನ ತೊಡಕು ಇನ್ನೊಂದು. ಪಹಣಿಯಲ್ಲಿ ತಂದೆಯ ಹೆಸರು ಸೇರಿಸಿ ಬರೆದಿರುತ್ತದೆ, ಆಧಾರಿನಲ್ಲಿ ಮನೆತನದ ಅಕ್ಷರ ಇರುತ್ತದೆ, ಬ್ಯಾಂಕಿನಲ್ಲಿ ಇಂಗ್ಲೀಷಿನ ಕಾಗುಣಿತ ಬೇರೆಯೇ. ಯಂತ್ರಕ್ಕೆ ಮುನಿಯಪ್ಪನೂ ಮುನಿಯಪ್ಪ ಕೆ. ಎಂಬವನೂ ಇಬ್ಬರು ಬೇರೆ ಬೇರೆ ಆಸಾಮಿಗಳು. ಮೂರೂ ಕಡೆ ಹೆಸರು ಹೇಗೆ ಕಾಣುತ್ತದೆಂಬ ಚಿತ್ರಗಳನ್ನು ಒಟ್ಟಿಗೆ ತೋರಿಸಿದರೆ ಗ್ರಾಮ ಆಡಳಿತಾಧಿಕಾರಿಗಳಾಗಲಿ ಕೃಷಿ ಅಧಿಕಾರಿಗಳಾಗಲಿ ಎಲ್ಲಿ ತಿದ್ದಬೇಕೆಂದು ಬೇಗ ಹೇಳಬಲ್ಲರು.

ಚಿತ್ರವನ್ನು ಮಾತಿಲ್ಲದೆ ಕಳುಹಿಸಬಾರದು. ಏನು ಮಾಡಲು ಹೊರಟಿರಿ, ಎಲ್ಲಿಯ ತನಕ ಸರಿಯಾಗಿ ಬಂತು, ಯಾವುದನ್ನು ಒತ್ತಿದ ಮೇಲೆ ಈ ಸೂಚನೆ ಕಾಣಿಸಿತು, ಎಷ್ಟು ಸಲ ಹೀಗಾಯಿತು ಎಂಬುದನ್ನು ಎರಡು ಮೂರು ಸಾಲಿನಲ್ಲಿ ಬರೆಯಿರಿ. ಬರೆಯಲು ಬಾರದಿದ್ದರೆ ಧ್ವನಿಯಲ್ಲಿ ಹೇಳಿ ಕಳುಹಿಸಿ. ಮಾದರಿಗೆ ಹೀಗೆ: "ಸ್ವಾಮಿ, ನಮಸ್ಕಾರ. ನನ್ನ ಹೊಲದ ಬೆಳೆ ಸಮೀಕ್ಷೆ ಮಾಡುತ್ತಿದ್ದೆ. ಸರ್ವೆ ನಂಬರ್ ಆರಿಸುವ ತನಕ ಸರಿಯಾಗಿತ್ತು. ಫೋಟೋ ತೆಗೆದು ಮುಂದಕ್ಕೆ ಒತ್ತಿದಾಗ ಈ ಚಿತ್ರದಲ್ಲಿರುವ ಸೂಚನೆ ಬಂತು. ನಿನ್ನೆ ಸಂಜೆಯೂ ಹೀಗೇ ಆಯಿತು. ನಾನು ಹೊಲದ ಒಳಗೇ ನಿಂತಿದ್ದೆ." ಕೊನೆಯ ಮಾತು ಚಿಕ್ಕದಾಗಿ ಕಂಡರೂ ಬಹಳ ಉಪಯೋಗದ್ದು. 2020ರಿಂದ ರೈತರೇ ತಮ್ಮ ಬೆಳೆಯನ್ನು ಮೊಬೈಲಿನಲ್ಲಿ ದಾಖಲಿಸುವ ಅವಕಾಶ ಬಂದಿದೆ. ಆ ಕೆಲಸದಲ್ಲಿ ಮೊಬೈಲು ತಾನಿರುವ ಜಾಗವನ್ನು ನೋಡಿಕೊಳ್ಳುತ್ತದೆ; ಮನೆಯ ಜಗಲಿಯಲ್ಲಿ ಕುಳಿತು ಮಾಡಹೊರಟರೆ ಆಗುವುದಿಲ್ಲ.

ವಾಟ್ಸಾಪಿನಲ್ಲಿ ಕಳುಹಿಸಿದ ಚಿತ್ರ ದಾರಿಯಲ್ಲಿ ಕುಗ್ಗುತ್ತದೆ. ಪಹಣಿಯಂಥ ಸಣ್ಣ ಅಕ್ಷರದ ಪುಟವನ್ನು ಫೋಟೋ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂಬ ಬಗೆಯಲ್ಲಿ ಕಳುಹಿಸಿದರೆ ಅಕ್ಷರ ಸ್ಪಷ್ಟವಾಗಿ ಉಳಿಯುತ್ತದೆ.

ಇನ್ನು ಎಚ್ಚರದ ಮಾತು. ಪರದೆಯ ಚಿತ್ರದಲ್ಲಿ ನಿಮಗೆ ಬೇಕಾದದ್ದರ ಜೊತೆಗೆ ಬೇಡವಾದದ್ದೂ ಬರುತ್ತದೆ. ಆಧಾರ್ ಸಂಖ್ಯೆ, ಖಾತೆಯ ಸಂಖ್ಯೆ, ಪರದೆಯ ಮೇಲ್ತುದಿಯಲ್ಲಿ ಆ ಕ್ಷಣಕ್ಕೆ ಇಣುಕಿದ ಒ.ಟಿ.ಪಿ. ಸಂದೇಶ, ಹಣ ಪಡೆಯುವ ಚೌಕದ ಗುರುತು ಇವೆಲ್ಲ ಅದರಲ್ಲಿ ಸೇರಿರಬಹುದು. ಕಳುಹಿಸುವ ಮೊದಲು ಚಿತ್ರವನ್ನು ತೆರೆದು, ಮೇಲಿಂದ ಕೆಳಗಿನ ತನಕ ಒಮ್ಮೆ ಓದಿ. ಆಧಾರ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಬಿಟ್ಟು ಉಳಿದವನ್ನು ಮುಚ್ಚಿ. ಮುಚ್ಚುವಾಗ ಗಟ್ಟಿ ಕಪ್ಪು ಬಣ್ಣದ ಚೌಕವನ್ನೇ ಹಾಕಬೇಕು. ಹೊಳೆಯುವ ಶಾಯಿಯಂಥ ಗೀಟು ಎಳೆದರೆ ಕಣ್ಣಿಗೆ ಮುಚ್ಚಿದಂತೆ ಕಂಡರೂ, ಚಿತ್ರದ ಬೆಳಕು ಹೆಚ್ಚಿಸಿದಾಗ ಅಡಿಯ ಅಂಕಿ ಎದ್ದು ಕಾಣುತ್ತದೆ. ಮಸುಕು ಮಾಡುವುದೂ ಪೂರ್ತಿ ಭದ್ರವಲ್ಲ. ಕತ್ತರಿಸಿದ ಚಿತ್ರದಲ್ಲಿಯೂ ಹಿಂದಿನ ಭಾಗ ಅಡಗಿ ಉಳಿದ ಸಂದರ್ಭವುಂಟು. ಗೂಗಲ್ ಪಿಕ್ಸೆಲ್ ಫೋನಿನ ಮತ್ತು ವಿಂಡೋಸಿನ ಕತ್ತರಿಸುವ ಸಾಧನಗಳಲ್ಲಿ ಅಂಥ ದೋಷವಿದ್ದುದು 2023ರಲ್ಲಿ ಹೊರಬಿದ್ದು, ಬಳಿಕ ಅದನ್ನು ಸರಿಪಡಿಸಲಾಯಿತು. ಹಳೆಯ ಸಾಧನಗಳನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಿ ಎಂದು ಹೇಳುವುದು ಇಂಥ ಕಾರಣಕ್ಕೆ.

ಬ್ಯಾಂಕಿನ ಅನೇಕ ಆ್ಯಪ್‌ಗಳಲ್ಲಿ ಚಿತ್ರ ತೆಗೆಯಲು ಹೋದರೆ ಬರೀ ಕಪ್ಪು ಬರುತ್ತದೆ, ಇಲ್ಲವೆ ಅನುಮತಿ ಇಲ್ಲವೆನ್ನುತ್ತದೆ. ಮೊಬೈಲು ಕೆಟ್ಟಿತೆಂದು ಗಾಬರಿಯಾಗಬೇಡಿ. ನಿಮ್ಮ ಭದ್ರತೆಗಾಗಿ ಅವರೇ ಬೇಲಿ ಹಾಕಿದ್ದಾರೆ. ಆ ಬೇಲಿಯನ್ನು ದಾಟಲು ಇನ್ನೊಂದು ಮೊಬೈಲಿನಲ್ಲಿ ಫೋಟೋ ತೆಗೆದು ಹಂಚುವುದು ಸರಿಯಲ್ಲ. ಅಂಥ ವಿಷಯಕ್ಕೆ ಪಾಸ್‌ಬುಕ್ ಹಿಡಿದು ಶಾಖೆಗೇ ಹೋಗಿ.

ಯಾರಿಗೆ ಕಳುಹಿಸಬೇಕು? ಊರಿನ ವಾಟ್ಸಾಪ್ ಗುಂಪಿಗೆ ಹಾಕುವುದು ಸಂತೆಯಲ್ಲಿ ನಿಂತು ಪೆಟ್ಟಿಗೆ ತೆರೆದಂತೆ. ಗುಂಪಿನಲ್ಲಿ ಇನ್ನೂರು ಜನರಿದ್ದರೆ ಅವರಲ್ಲಿ ಹತ್ತು ಮಂದಿಯ ಪರಿಚಯವೂ ನಿಮಗೆ ಇರಲಾರದು. ಮಳೆ, ಧಾರಣೆ, ಜಾತ್ರೆಯ ವಿಷಯಕ್ಕೆ ಆ ಗುಂಪು ಸಾಕು. ನಿಮ್ಮ ಅರ್ಜಿಯ ಚಿತ್ರವನ್ನು ರೈತ ಸಂಪರ್ಕ ಕೇಂದ್ರದಲ್ಲಿ ನೀವು ಮುಖತಃ ಕಂಡು ನಂಬರ್ ಪಡೆದ ಸಿಬ್ಬಂದಿಗೆ, ಗ್ರಾಮ ಆಡಳಿತಾಧಿಕಾರಿಗಳಿಗೆ, ಅರ್ಜಿ ಹಾಕಿದ ಕೇಂದ್ರದವರಿಗೆ, ಅಥವಾ ಮನೆಯ ಮಕ್ಕಳಿಗೆ ಕಳುಹಿಸಿ. ಅಂತರ್ಜಾಲದಲ್ಲಿ ಹುಡುಕಿದಾಗ ಸಿಕ್ಕುವ ಸಹಾಯವಾಣಿ ನಂಬರುಗಳಲ್ಲಿ ವಂಚಕರದೂ ಸೇರಿರುತ್ತವೆ. ಬೇಸಾಯದ ಸಲಹೆಗೆ 2004ರಿಂದ ಕಿಸಾನ್ ಕಾಲ್ ಸೆಂಟರ್ ಇದೆ. ಅದರ ನಂಬರ್ 1800-180-1551, ಕನ್ನಡದಲ್ಲಿಯೇ ಮಾತನಾಡಬಹುದು, ಕರೆಗೆ ಖರ್ಚಿಲ್ಲ.

ಚಿತ್ರ ಕಳುಹಿಸುವುದಕ್ಕೂ ಪರದೆಯನ್ನೇ ಒಪ್ಪಿಸುವುದಕ್ಕೂ ಅಜಗಜಾಂತರವಿದೆ. ನೀವು ಕಳುಹಿಸಿದ ಚಿತ್ರ ಒಂದು ಕ್ಷಣದ್ದು. ಅದರಲ್ಲಿ ಏನಿದೆಯೋ ಅಷ್ಟೇ ಎದುರಿನವನಿಗೆ ಸಿಕ್ಕುವುದು. ಆದರೆ ಕೆಲವರು ಫೋನು ಮಾಡಿ, "ಚಿತ್ರ ಬೇಡ ಯಜಮಾನರೇ, ಈ ಆ್ಯಪ್ ಹಾಕಿಕೊಳ್ಳಿ, ನಾನೇ ಇಲ್ಲಿಂದ ಸರಿಮಾಡುತ್ತೇನೆ" ಎನ್ನುತ್ತಾರೆ. ಎನಿಡೆಸ್ಕ್ ಮೊದಲಾದ ಆ್ಯಪ್‌ಗಳಿಂದ ದೂರದಲ್ಲಿ ಕುಳಿತವನು ನಿಮ್ಮ ಪರದೆಯನ್ನು ನೋಡುತ್ತಲೇ ಇರಬಲ್ಲ, ನಡೆಸಲೂ ಬಲ್ಲ. ಆ್ಯಪ್ ಸ್ವತಃ ಕೆಟ್ಟದ್ದಲ್ಲ, ದೊಡ್ಡ ಕಂಪೆನಿಗಳಲ್ಲಿ ದಿನವೂ ಬಳಸುತ್ತಾರೆ. ಕಳ್ಳನ ಕೈಗೆ ಸಿಕ್ಕಾಗ ಮಾತ್ರ ಕನ್ನದ ಕೋಲಾಗುತ್ತದೆ. 2019ರಲ್ಲಿಯೇ ರಿಸರ್ವ್ ಬ್ಯಾಂಕು ಇಂಥ ವಂಚನೆಯ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಕಿಸಾನ್ ಹಣದ ಹೆಸರು ಹೇಳಿ ವಾಟ್ಸಾಪಿನಲ್ಲಿ ಬರುವ ಎ.ಪಿ.ಕೆ. ಎಂಬ ಕಡತವೂ ಅದೇ ಜಾತಿಯದು. ಅದನ್ನು ಒತ್ತಿದರೆ ನಿಮ್ಮ ಮೊಬೈಲಿಗೆ ಬರುವ ಸಂದೇಶಗಳೇ ಕಳ್ಳನ ಕೈ ಸೇರಬಹುದು. ಹೀಗೆ ಹಣ ಹೋದರೆ ನಾಚಿಕೊಂಡು ಮನೆಯಲ್ಲಿ ಕೂರಬೇಡಿ. ತಕ್ಷಣ 1930 ನಂಬರಿಗೆ ಕರೆ ಮಾಡಿ ತಿಳಿಸಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು. ಅಲ್ಲಿಯೂ ವಂಚಕನ ಸಂದೇಶ, ಅವನ ನಂಬರ್, ಹಣ ಹೋದ ವಿವರ ಇವುಗಳ ಪರದೆ ಚಿತ್ರಗಳೇ ಉಪಯೋಗಕ್ಕೆ ಬರುತ್ತವೆ. ಸಿಟ್ಟಿನಿಂದ ಎಲ್ಲವನ್ನೂ ಅಳಿಸಿಹಾಕಬೇಡಿ.

ಬೆಳೆಯ ಫೋಟೋ ಕಳುಹಿಸುವಾಗಲೂ ಪರದೆಯ ಚಿತ್ರದ ನಿಯಮವೇ ಅನ್ವಯಿಸುತ್ತದೆ: ಪೂರ್ಣವಾಗಿಯೂ ಇರಬೇಕು, ಹತ್ತಿರದ್ದೂ ಇರಬೇಕು. 2018ರಲ್ಲಿ ಅಮೆರಿಕ ಮೂಲದ ಫಾಲ್ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲ ಬಾರಿಗೆ ಕಂಡದ್ದು ಶಿವಮೊಗ್ಗದ ಕಡೆಯ ಮುಸುಕಿನ ಜೋಳದಲ್ಲಿ. ಅದೇ ವರ್ಷ ನಮ್ಮ ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ಹೊಲಗಳಲ್ಲಿಯೂ ಹೆಬ್ಬಾಳದ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯವರು ಅದನ್ನು ಕಂಡರು. ಈ ಹುಳುವಿನ ತಲೆಯ ಮೇಲೆ ಇಂಗ್ಲೀಷಿನ ವೈ ಅಕ್ಷರವನ್ನು ತಲೆಕೆಳಗು ಮಾಡಿದಂಥ ಬಿಳಿ ಗೆರೆ ಇರುತ್ತದೆ. ಬಾಲದ ಹತ್ತಿರ ನಾಲ್ಕು ಕಪ್ಪು ಚುಕ್ಕೆಗಳು ಚೌಕವಾಗಿ ಕೂತಿರುತ್ತವೆ. ಹೊಲದ ಅಂಚಿನಲ್ಲಿ ನಿಂತು ಹತ್ತು ಗುಂಟೆಯ ಫೋಟೋ ಹಿಡಿದು ಕಳುಹಿಸಿದರೆ ಈ ಗುರುತು ಯಾರಿಗೂ ಕಾಣದು. ಹುಳುವನ್ನು ಅಂಗೈಯಲ್ಲೋ ಬಿಳಿ ಕಾಗದದ ಮೇಲೋ ಇಟ್ಟು ಹತ್ತಿರದಿಂದ ಒಂದು, ಸುಳಿಯ ಎಲೆಯ ತೂತುಗಳದು ಒಂದು, ಇಡೀ ಗಿಡದ್ದು ಒಂದು, ಹೊಲದ್ದು ಒಂದು ಹೀಗೆ ತೆಗೆಯಿರಿ. ಬಿತ್ತಿದ ದಿನವನ್ನೂ, ಈ ಮೊದಲು ಹೊಡೆದ ಔಷಧವನ್ನೂ ಬರೆಯಿರಿ. ಔಷಧದ ಬಾಟಲಿಯ ಚೀಟಿಯ ಫೋಟೋ ಇದ್ದರೆ ಇನ್ನೂ ಉತ್ತಮ, ಹೆಸರು ಹೇಳುವಾಗ ಆಗುವ ತಪ್ಪು ತಪ್ಪುತ್ತದೆ.

ವಿಮೆಯದಾಗಲಿ ನೋಂದಣಿಯದಾಗಲಿ ಕೊನೆಯ ದಿನ ಬಂದಾಗ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ಯಂತ್ರ ನಿಧಾನವಾಗುತ್ತದೆ. ಆ ದಿನ ಅರ್ಜಿ ಹೋಗದಿದ್ದರೆ ದಿನಾಂಕ, ವೇಳೆ ಕಾಣುವಂತೆ ಚಿತ್ರ ತೆಗೆದಿಟ್ಟುಕೊಂಡು ಮರುದಿನವೇ ಅಧಿಕಾರಿಗಳನ್ನು ಕಾಣಿರಿ. ಚಿತ್ರವಿದ್ದ ಮಾತ್ರಕ್ಕೆ ಗಡುವು ಮುಂದಕ್ಕೆ ಹೋಗುತ್ತದೆಂದು ಹೇಳಲಾಗದು. ಆದರೆ ನೀವು ಆ ಹೊತ್ತಿನಲ್ಲಿ ಪ್ರಯತ್ನಿಸಿದ್ದಿರಿ ಎನ್ನಲು ಬೇರೆ ಆಧಾರವೂ ಇರುವುದಿಲ್ಲ. ಅರ್ಜಿ ಸರಿಯಾಗಿ ಹೋದಾಗ ಬರುವ ಸ್ವೀಕೃತಿ ಸಂಖ್ಯೆಯ ಪುಟವನ್ನೂ ತಪ್ಪದೆ ಹಿಡಿಯಿರಿ. ಆ ಸಂಖ್ಯೆಯನ್ನು ಪಹಣಿ ಇಡುವ ಚೀಲದಲ್ಲಿ ಒಂದು ಚೀಟಿಯ ಮೇಲೆ ಬರೆದಿಡಿ, ಮೊಬೈಲು ಬಾವಿಗೆ ಬಿದ್ದರೂ ಸಂಖ್ಯೆ ಉಳಿಯುತ್ತದೆ. ಕೆಲಸ ಮುಗಿದು ಹಣ ಖಾತೆಗೆ ಬಂದ ಮೇಲೆ ಆಧಾರ್, ಖಾತೆ ವಿವರಗಳಿರುವ ಚಿತ್ರಗಳನ್ನು ಮೊಬೈಲಿನಿಂದ ಅಳಿಸಿಬಿಡಿ.